ಇನ್ನೊಂದೇ ಮಾತು ಎಂದು ಹೋದ ಮುತ್ತಜ್ಜ

ಅಪ್ಪ ಕೂತದ್ದು ಒಂದು ಮಂಗಳವಾರ ಬೆಳಿಗ್ಗೆ, ಚಪ್ಪಲಿ ಹಾಕಿಕೊಳ್ಳಲು. ನಾನು ರಿಪೇರಿಗೆಂದು ತಂದಿದ್ದ ಯಾರದೋ ಕುರ್ಚಿ ಬಾಗಿಲ ಪಕ್ಕದಲ್ಲಿತ್ತು. ಎಡಗಾಲಿನ ಚಪ್ಪಲಿ ಹಾಕಿಕೊಂಡ. ಬಲಗಾಲಿನದು ಕೈಯಲ್ಲೇ ಉಳಿಯಿತು. ಆಮೇಲೆ ಅವನು ಏಳಲಿಲ್ಲ.

ಎಪ್ಪತ್ತನಾಲ್ಕರ ಮುದುಕ ಕುರ್ಚಿಯಲ್ಲಿ ಕೂತರೆ ಏನು ಲೋಕ ಮುಳುಗಿತು ಎಂದು ನೀವು ಕೇಳಬಹುದು. ನಮ್ಮಪ್ಪನನ್ನು ಬಲ್ಲವರು ಹಾಗೆ ಕೇಳುವುದಿಲ್ಲ. ಅವನು ಎಲ್ಲೂ ಕೂರುತ್ತಿರಲಿಲ್ಲ. ಬಸ್ ಕಂಡಕ್ಟರನಾಗಿದ್ದಾಗ ಖಾಲಿ ಬಸ್ಸಿನಲ್ಲೂ ಕಂಬಿ ಹಿಡಿದು ನಿಂತಿರುತ್ತಿದ್ದ. ಊಟ ಅಡುಗೆಕಟ್ಟೆಗೆ ಒರಗಿ ನಿಂತು, ಪೇಪರ್ ಕಿಟಕಿಯ ಹತ್ತಿರ ನಿಂತು. ನನ್ನ ತಂಗಿಯ ಮದುವೆಯಲ್ಲಿ ಮೂರು ಗಂಟೆ ಕಂಬದ ಹಾಗೆ ನಿಂತು ಬೀಗರಿಗೆಲ್ಲ ಇರಿಸುಮುರಿಸು ಮಾಡಿಬಿಟ್ಟ. "ಕೂತ್ಕೋಪ್ಪಾ" ಎಂದರೆ "ಕೂತೋರೆಲ್ಲ ಏನು ಸಾಧಿಸಿದಾರೆ, ಹೇಳು" ಎನ್ನುತ್ತಿದ್ದ.

ನನ್ನ ಹೊಟ್ಟೆಪಾಡು ನಡೆಯುವುದೇ ಕುರ್ಚಿಗಳಿಂದ. ಬೆತ್ತ ಹೆಣೆಯುತ್ತೇನೆ, ಗಾದಿ ಹೊಲಿಯುತ್ತೇನೆ, ಅಲ್ಲಾಡುವ ಕಾಲುಗಳಿಗೆ ಬೆಣೆ ಹೊಡೆಯುತ್ತೇನೆ. ಸವೆದ ಗಾದಿ ನೋಡಿದರೆ ಕೂತವನು ಯಾವ ಕಡೆ ವಾಲುತ್ತಾನೆ, ಎಷ್ಟು ವರ್ಷ ಕೂತಿದ್ದಾನೆ ಎಂದು ಹೇಳಬಲ್ಲೆ. ಅಪ್ಪ ನನ್ನ ಅಂಗಡಿಗೆ ಬಂದರೆ ಹತ್ತು ಕುರ್ಚಿಗಳ ನಡುವೆ, ಕಟ್ಟಿಹಾಕದ ಹತ್ತು ನಾಯಿಗಳ ನಡುವೆ ನಿಂತವನ ಹಾಗೆ ಮೈ ಬಿಗಿಹಿಡಿದು ನಿಂತಿರುತ್ತಿದ್ದ. ಆದರೆ ನಾನು ತೀರಾ ಚಿಕ್ಕವಳಿದ್ದಾಗ ಅವನ ತೊಡೆಯ ಮೇಲೆ ಕೂತ ನೆನಪಿದೆ. ತಂಗಿ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅವಳು ಈ ಮಾತನ್ನು ನಂಬುವುದೇ ಇಲ್ಲ.

ಮೊದಲ ದಿನ ತಮಾಷೆ ಎಂದುಕೊಂಡೆವು. ಮೂರನೆಯ ದಿನ ಎತ್ತಿ ಹಾಸಿಗೆಯ ಮೇಲೆ ಮಲಗಿಸಿದೆವು. ಮೊಣಕಾಲುಗಳು ಮಡಚಿದ್ದು ಮಡಚಿದಂತೆಯೇ ಇದ್ದವು. ಬೆನ್ನು ಹಾಸಿಗೆಗೆ ತಾಗಿದ್ದರೂ ಅವನು ಕೂತೇ ಇದ್ದ, ಗಾಳಿಯಲ್ಲಿ ಕೂತ ಹಾಗೆ. ಅದನ್ನು ನೋಡಲಾಗದೆ ಮತ್ತೆ ಕುರ್ಚಿಗೇ ತಂದು ಕೂರಿಸಿದೆವು. ಎಡಗಾಲಿನ ಚಪ್ಪಲಿ ಬಿಚ್ಚಲು ಬಿಡಲಿಲ್ಲ. ಬಲಗಾಲಿನದನ್ನು ಕೈಯಿಂದ ಬಿಡಿಸಲು ಆಗಲಿಲ್ಲ.

ನಾನು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ದಿನಾ ಬೆಳಿಗ್ಗೆ ಹಾಸಿಗೆಯ ಪಕ್ಕ ನಿಂತು "ಏಳ್ತೀಯೋ, ನೀರು ಎರಚ್ಲೋ?" ಎನ್ನುತ್ತಿದ್ದ. ಅದೇ ಮಾತನ್ನು ಈಗ ನಾನು ದಿನಾ ಬೆಳಿಗ್ಗೆ ಅವನಿಗೆ ಹೇಳತೊಡಗಿದೆ. ತುಟಿಯ ಅಂಚಿನಲ್ಲಿ ನಗು ಬರುತ್ತಿತ್ತು, ಕಾಲು ಬರುತ್ತಿರಲಿಲ್ಲ.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿದರು. ಒಂದು ಫೈಲು ತುಂಬಿತು. "ಕಾಲಲ್ಲಿ ಬಲ ಇದೆ, ಬೆನ್ನು ಸರಿ ಇದೆ. ಮನಸ್ಸು ಮಾಡಿದ್ರೆ ಓಡ್ಬಹುದು. ಆದ್ರೆ ಹೀಗೇ ಕೂತಿದ್ರೆ ಎದೆಯಲ್ಲಿ ನೀರು ತುಂಬುತ್ತೆ. ಆರು ತಿಂಗಳು ಕಳೆಯೋದೂ ಕಷ್ಟ" ಎಂದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, "ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಹೀಗೆ ಆಗಿತ್ತಾ?" ಎಂದು ಕೇಳಿದರು.

ಇಲ್ಲ ಎಂದು ಹೇಳಿ ಎದ್ದುಬಂದೆ. ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಿದ್ದವಳು ಅರ್ಧದಲ್ಲೇ ನಿಂತೆ. ಅಪ್ಪನ ಅಪ್ಪ, ನನ್ನ ಅಜ್ಜ, ಎಂದೂ ನಿಂತದ್ದನ್ನು ನಾನು ನೋಡಿಯೇ ಇರಲಿಲ್ಲ. ಕಿಟಕಿಯ ಹತ್ತಿರ ಒಂಬತ್ತು ವರ್ಷ ಕೂತೇ ಇದ್ದ. ಅಜ್ಜ ಅಂದರೆ ಹಾಗೇ ಇರುವುದು ಎಂದುಕೊಂಡಿದ್ದೆ, ಗಡಿಯಾರ ಗೋಡೆಯ ಮೇಲಿರುವ ಹಾಗೆ. ಸತ್ತಾಗ ಅವನ ಮೊಣಕಾಲು ನೆಟ್ಟಗೆ ಮಾಡಲು ನಾಲ್ಕು ಜನ ಹೆಣಗಿ ಸೋತಿದ್ದರು. ಅಜ್ಜನ ಅಪ್ಪ ಹಳ್ಳಿಯೊಂದರಲ್ಲಿ ಬೋಧಕನಾಗಿದ್ದ. ಅವನ ಬಗ್ಗೆ ನಮ್ಮ ಮನೆಯಲ್ಲಿ ಓಡಾಡುತ್ತಿದ್ದದ್ದು ಅಜ್ಜಿ ಹೇಳುತ್ತಿದ್ದ ಎರಡು ವಾಕ್ಯ ಮಾತ್ರ: "ದೊಡ್ಡ ಬೋಧಕರಂತೆ, ಚೀಟಿ ನೋಡದೆ ಮೂರು ಗಂಟೆ ಮಾತಾಡ್ತಿದ್ರಂತೆ. ಆಮೇಲೆ ಒಂದಿನ ಹೊಸ್ತಿಲ ಮೇಲೆ ಕೂತುಬಿಟ್ರು."

ಮುತ್ತಜ್ಜ, ಅಜ್ಜ, ಅಪ್ಪ. ಮೂವರೂ ಮನೆಯ ಹಿರಿಯ ಮಕ್ಕಳು. ನಾನೂ ಹಿರಿಯವಳೇ. ಆದರೆ ಆಗ ನನ್ನ ಚಿಂತೆ ನನ್ನದಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ಅಪ್ಪ ಏಳಬೇಕು. ಮುತ್ತಜ್ಜನಿಗೆ ಇದ್ದ ರೋಗ ಯಾವುದೆಂದು ತಿಳಿದರೆ ಡಾಕ್ಟರಿಗೆ ದಾರಿ ಸಿಗಬಹುದು ಎಂದುಕೊಂಡು ಹಳೆಯ ಟ್ರಂಕು ತೆಗೆದೆ.

ಟ್ರಂಕಿನಲ್ಲಿ ಮುತ್ತಜ್ಜನ ನೇಮಕದ ಪತ್ರವಿತ್ತು. ಬೆಟ್ಟದ ಆಚೆಯ ಕಲ್ಲುಗಣಿಯ ಹಳ್ಳಿಗೆ, ಅಲ್ಲಿನ ಕೂಟದ ಮನೆಗೆ, ವಾರಕ್ಕೊಮ್ಮೆ ಬೋಧನೆ ಮಾಡಲು. ಅದರ ಕೆಳಗೆ ಅಪ್ಪನ ಹಳೆಯ ಚರ್ಮದ ಚೀಲ. ಅದರ ಒಳಜೇಬಿನಲ್ಲಿ ಒಂದೇ ಒಂದು ಬಸ್ ಟಿಕೆಟ್ಟು, ನಾಲ್ಕಾಗಿ ಮಡಚಿದ್ದು. ಅದು ಅಪ್ಪನ ರೂಟಿನದಲ್ಲ. ಅದೇ ಗಣಿ ಹಳ್ಳಿಯದು. ತಾರೀಖು ಮೂವತ್ತಮೂರು ವರ್ಷ ಹಿಂದಿನದು.

ಟಿಕೆಟ್ಟನ್ನು ಅಪ್ಪನ ಮುಂದೆ ಹಿಡಿದೆ. ತಿಂಗಳುಗಟ್ಟಲೆ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡದವನು ಸ್ಪಷ್ಟವಾಗಿ ಹೇಳಿದ: "ಅಲ್ಲಿಗೆ ಹೋಗ್ಬೇಡ."

"ಯಾಕಪ್ಪಾ? ಏನಿದೆ ಅಲ್ಲಿ?"

ಮುಖ ಗೋಡೆಗೆ ತಿರುಗಿಸಿದ. ನನಗೆ ಹೋಗಬೇಡ ಎಂದವರಿಗೆ ಇನ್ನೂ ನಾನು ಯಾರೆಂದು ಗೊತ್ತಿಲ್ಲ ಎಂದೇ ಅರ್ಥ. ತಂಗಿಗೆ ಫೋನ್ ಮಾಡಿ ಎರಡು ದಿನ ಬಂದಿರು ಎಂದೆ. ಮರುದಿನ ಬೆಳಗಿನ ಬಸ್ಸು ಹತ್ತಿದೆ.

ನಾಲ್ಕು ಗಂಟೆಯ ದಾರಿ. ಕೊನೆಯ ನಿಲ್ದಾಣದಲ್ಲಿ ಇಳಿದವಳು ನಾನೊಬ್ಬಳೇ. ಒಂದು ಬೀದಿ, ಎರಡೂ ಕಡೆ ಬೂದುಬಣ್ಣದ ಕಲ್ಲಿನ ಮನೆಗಳು, ಮೇಲ್ಗಡೆ ಅರ್ಧ ಕತ್ತರಿಸಿಟ್ಟ ಬೆಟ್ಟ. ಊರು ಚೊಕ್ಕಟವಾಗಿತ್ತು. ಆದರೂ ಏನೋ ಸರಿಯಿಲ್ಲ ಎನಿಸಿತು. ಏನೆಂದು ತಿಳಿಯಲು ಬೀದಿಯ ಅರ್ಧ ನಡೆಯಬೇಕಾಯಿತು. ಚಹಾದಂಗಡಿಯಲ್ಲಿ ಬೆಂಚಿರಲಿಲ್ಲ, ಜನ ನಿಂತು ಕುಡಿಯುತ್ತಿದ್ದರು. ಕ್ಷೌರಿಕ ನಿಂತವನ ಗಡ್ಡ ಹೆರೆಯುತ್ತಿದ್ದ. ಒಬ್ಬ ಮುದುಕಿ ಮನೆಯ ಮುಂದೆ ನಿಂತು ಕಾಳು ಆರಿಸುತ್ತಿದ್ದಳು, ಮೊರ ಎದೆಯೆತ್ತರದ ಗೋಡೆಯ ಮೇಲಿತ್ತು. ತೆರೆದ ಬಾಗಿಲುಗಳೊಳಗೆ ಇಣುಕಿದೆ. ಮೇಜು, ಮಂಚ, ಕಪಾಟು. ಊರಿಗೆ ಊರೇ ಹುಡುಕಿದರೂ ಒಂದು ಕುರ್ಚಿ ಇಲ್ಲ. ನನ್ನಂಥವಳು ಈ ಊರಲ್ಲಿ ಉಪವಾಸ ಬೀಳಬೇಕಷ್ಟೇ ಎಂದುಕೊಂಡೆ. ನಗು ಬರಲಿಲ್ಲ.

ನೇಮಕದ ಪತ್ರ ಹಿಡಿದು ಅಂಚೆ ಕಚೇರಿಗೆ ಹೋದೆ. ಅಲ್ಲಿದ್ದವಳು ಅರವತ್ತು ದಾಟಿದ, ಚಟುವಟಿಕೆಯ ಹೆಂಗಸು. ಊರವರು ಅಂಚೆಯಮ್ಮ ಎನ್ನುತ್ತಿದ್ದರು. ಪತ್ರದ ಮೇಲಿನ ಹೆಸರು ಓದಿದಳು. ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಓದಿದಳು.

"ಇವರಿಗೆ ನೀವೇನಾಗ್ಬೇಕು?"

"ಮರಿಮಗಳು. ಮೊಮ್ಮಗನ ಮಗಳು."

ಅವಳು ಕೌಂಟರಿನ ಕದ ಹಾಕಿ ಬೀಗ ಜಡಿದಳು. "ಬನ್ನಿ. ಈಗ ನನ್ನದೇ ಸರದಿ" ಎಂದಳು.

ಕೂಟದ ಮನೆ ಬೀದಿಯ ಕೊನೆಯಲ್ಲಿತ್ತು. ಉದ್ದನೆಯ ಕೋಣೆ, ಎತ್ತರದ ಕಿಟಕಿಗಳು, ಒಂದೇ ಬಾಗಿಲು. ಬಾಗಿಲಿಗೆ ಮುಖ ಮಾಡಿ ಎಂಟು ಸಾಲು ಬೆಂಚುಗಳು. ಬಾಗಿಲ ಹತ್ತಿರವೇ, ಅದಕ್ಕೆ ಬೆನ್ನು ಹಾಕಿ, ಬೆಂಚುಗಳ ಎದುರಿಗೆ ಒಂದು ಬೆತ್ತದ ಕುರ್ಚಿ. ಬೆಂಚುಗಳ ಮೇಲೆ ಏಳೆಂಟು ಜನ ಅಲ್ಲಲ್ಲಿ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನಾನು ಹೊಸ್ತಿಲು ದಾಟಿದ ತಕ್ಷಣ ಎಲ್ಲರ ಹಿಮ್ಮಡಿಗಳು ನೆಲದಿಂದ ಒಂದಿಷ್ಟು ಮೇಲೆದ್ದವು. ಏಳಲು ಸಿದ್ಧರಾದವರ ಹಾಗೆ ಮೈ ಮುಂದೆ ಬಾಗಿತು. ಏಳಲಿಲ್ಲ. ಹಾಗೇ ತಡೆದು ಮತ್ತೆ ಮೆಲ್ಲನೆ ಹಿಂದಕ್ಕೆ ಹೋದರು.

ಕಸುಬು ಬಿಡದಲ್ಲ, ನಾನು ಬೆಂಚುಗಳನ್ನು ನೋಡಿದೆ. ಗಟ್ಟಿ ಮರ, ಆದರೆ ಕೂರುವ ಕಡೆ ಗುಳಿಗಳು ಬಿದ್ದಿದ್ದವು, ಬೋಗುಣಿಯಷ್ಟು ಆಳ. ಅಂಥ ಮರ ಅಷ್ಟು ಸವೆಯಬೇಕಾದರೆ ವಾರಕ್ಕೊಮ್ಮೆ ಕೂತರೆ ಸಾಲದು. ಬಿಡುವಿಲ್ಲದೆ ಕೂತಿರಬೇಕು. ಕುರ್ಚಿಯ ಬೆತ್ತ ಮಾತ್ರ ಹಳತಾಗಿ ಕಪ್ಪಾಗಿದ್ದರೂ ಎಳೆಯಷ್ಟೂ ಜಗ್ಗಿರಲಿಲ್ಲ. ಅದರ ಮೇಲೆ ಬಹುಕಾಲದಿಂದ ಯಾರೂ ಕೂತಿರಲಿಲ್ಲ.

ಅಂಚೆಯಮ್ಮ ತನ್ನ ಗುಳಿಯಲ್ಲಿ ಕೂತು, ಪಿಸುಮಾತಿನಲ್ಲಿ ಎಲ್ಲ ಹೇಳಿದಳು.

ಆ ಕೂಟದ ಕಟ್ಟಳೆ ಹೀಗಿತ್ತು. ಬೋಧಕರು ಬೋಧನೆ ಮುಗಿಸಿ ಕುರ್ಚಿಯಲ್ಲಿ ಕೂತು 'ಏಳಿ' ಎನ್ನಬೇಕು. ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ. ಜನ ಎದ್ದ ಮೇಲೆ, ಕೂತಿದ್ದವರಲ್ಲಿ ಹಿರಿಯರು ಕುರ್ಚಿಯ ಹತ್ತಿರ ಹೋಗಿ 'ನೀವೂ ಏಳಿ' ಎನ್ನಬೇಕು. ಆಗ ಬೋಧಕರು ಏಳುತ್ತಾರೆ. ಇವರನ್ನು ಅವರು ಬಿಡಿಸಬೇಕು, ಅವರನ್ನು ಇವರು ಬಿಡಿಸಬೇಕು.

ತೊಂಬತ್ತೊಂದು ವರ್ಷದ ಹಿಂದೆ ನನ್ನ ಮುತ್ತಜ್ಜ ಎರಡೂವರೆ ಗಂಟೆ ಮಾತಾಡಿ, ಬೆರಳೆತ್ತಿ, "ಇನ್ನೊಂದೇ ಮಾತು, ತಾಳಿ" ಎಂದ. ಆಮೇಲೆ ಸುಮ್ಮನಾದ. ಕಿಟಕಿ ನೋಡಿದ, ನೆಲ ನೋಡಿದ. ಬೆವರು ಒರೆಸಿಕೊಂಡ. ಹೊರಗೆ ಹೋದ. ಅಂಗಳದಲ್ಲಿ ಶತಪಥ ತಿರುಗುವುದು ಬಾಗಿಲಿನಿಂದ ಕಾಣುತ್ತಿತ್ತಂತೆ. ಆಮೇಲೆ ರಸ್ತೆಗಿಳಿದ. ಚಿಕ್ಕದಾಗುತ್ತ ಆಗುತ್ತ ಕಾಣದೇ ಹೋದ. ಚೀಟಿ ನೋಡದೆ ಮಾತಾಡುವವನು ಎಂದು ಸುತ್ತ ಹದಿನೆಂಟು ಹಳ್ಳಿಗೆ ಹೆಸರಾಗಿದ್ದ ಮಹಾಶಯ, ಮಾತು ಮರೆತು ಕಾಲಿಗೆ ಬುದ್ಧಿ ಹೇಳಿದ್ದ.

"ನೀವೆಲ್ಲ ಎದ್ದು ಮನೆಗೆ ಹೋಗ್ಬೇಕಿತ್ತು" ಎಂದೆ ನಾನು.

"ತಾಳಿ ಅಂದಿದ್ರಲ್ಲ."

ತಾಳಿದರು. ಮೊದಲ ರಾತ್ರಿ ಎಲ್ಲರೂ, ಎರಡನೆಯ ದಿನ ಅರ್ಧ ಜನ. ಹಸುಗೂಸುಗಳಿದ್ದವು, ಒಲೆ ಉರಿಯಬೇಕಿತ್ತು. ಕೊನೆಗೆ ಸರದಿ ಮಾಡಿಕೊಂಡರು, ನಾಲ್ಕು ಗಂಟೆಗೊಮ್ಮೆ ಬದಲು. ಬೇರೆ ಮೂವರು ಬೋಧಕರು ಬಂದು 'ಏಳಿ' ಎಂದು ನೋಡಿದ್ದರಂತೆ. ಯಾರ ಮೊಣಕಾಲೂ ಕೇಳಲಿಲ್ಲ. ಸರದಿ ಮುಗಿದಾಗ ಮುಂದಿನವರು ಬಂದು ಭುಜ ಹಿಡಿದರೆ ಮಾತ್ರ ಏಳಲು ಆಗುತ್ತಿತ್ತು. ಬೇರೆ ಎಲ್ಲಾದರೂ ಕೂತರೆ ಎಬ್ಬಿಸುವವರು ಯಾರು? ಹಾಗಾಗಿ ಊರು ಬೇರೆ ಎಲ್ಲೂ ಕೂರುವುದನ್ನೇ ಬಿಟ್ಟಿತು.

"ನಿಮ್ಮವರೊಬ್ಬರು ಹಿಂದೆ ಬಂದಿದ್ರು" ಎಂದಳು ಅಂಚೆಯಮ್ಮ. "ಕಂಡಕ್ಟರ್ ಚೀಲ ಹಾಕ್ಕೊಂಡಿದ್ರು. ನಾನಾಗ ಕೆಲಸಕ್ಕೆ ಸೇರಿದ್ದೆ ಅಷ್ಟೇ. ನಮ್ಮಪ್ಪ ಏಳಬೇಕು, ಏನು ಮಾಡ್ಲಿ ಅಂದ್ರು. ಎಲ್ಲ ಹೇಳಿದ್ವಿ. ಕುರ್ಚೀಲಿ ಕೂರಲೇಬೇಕಾ ಅಂದ್ರು. ಹೂಂ ಅಂದ್ವಿ. ಕೂತ್ಮೇಲೆ ನೀವು ಎಬ್ಬಿಸದೇ ಇದ್ರೆ ಅಂದ್ರು." ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಅಲ್ಲಿ ನಿಂತಿದ್ರು. ಹೊಸ್ತಿಲು ದಾಟ್ಲೇ ಇಲ್ಲ. ಅದೇ ಬಸ್ಸಲ್ಲಿ ವಾಪಸ್ ಹೋದ್ರು."

ಅಜ್ಜ ಅದಾದ ಎರಡು ವರ್ಷಕ್ಕೆ ಸತ್ತ, ಕೂತೇ. ಅಪ್ಪ ಈ ಊರಿಂದ ವಾಪಸಾದ ದಿನದಿಂದಲೇ ಕೂರಲಿಲ್ಲ. ನನಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಆಮೇಲೆ ಮೂವತ್ತಮೂರು ವರ್ಷ ಅವನು ಅಡುಗೆಕಟ್ಟೆಗೆ ಒರಗಿ ಉಂಡ ಊಟಗಳೆಲ್ಲ ನೆನಪಾದವು.

ಇಷ್ಟೆಲ್ಲ ಕೇಳಿಯೂ ನಾನು ನಂಬಿದೆ ಎನ್ನಲಾರೆ. ಊರಿಗೆ ಊರೇ ಒಟ್ಟಾಗಿ ತಲೆ ಕೆಡಿಸಿಕೊಂಡಿದೆ ಎಂದುಕೊಂಡೆ. ಆದರೆ ಡಾಕ್ಟರ ಫೈಲಿನಲ್ಲಿ ಇದಕ್ಕಿಂತ ಒಳ್ಳೆಯ ಕಾರಣವೇನೂ ಇರಲಿಲ್ಲ. ಒಂದು ಮಾತು ಹೇಳಿದರೆ ನನ್ನ ಗಂಟೇನು ಹೋಗುತ್ತದೆ?

"ಮರೆತುಹೋದ ಆ ಮಾತು ಯಾವುದು ಅಂತ ನನಗೂ ಗೊತ್ತಿಲ್ಲವಲ್ಲ" ಎಂದೆ.

ಮೊದಲ ಸಾಲಿನಿಂದ ಒಂದು ಒಣ ಸ್ವರ ಬಂತು. "ಗೊತ್ತಿಲ್ಲ ಅನ್ನು. ಅಷ್ಟು ಸಾಕು."

ಅದು ಮಡಿಲಜ್ಜಿ. ಆ ದಿನ ಎರಡು ವರ್ಷದ ಕೂಸಾಗಿ ತಾಯಿಯ ಮಡಿಲಲ್ಲಿದ್ದವಳು, ಆ ಕೂಟದಲ್ಲಿ ಈಗ ಬದುಕಿ ಉಳಿದವಳು ಅವಳೊಬ್ಬಳೇ. ಹನ್ನೆರಡು ವರ್ಷದಿಂದ ಬೆಂಚು ಬಿಟ್ಟು ಮನೆಗೂ ಹೋಗಿರಲಿಲ್ಲ, ಊಟ ಅಲ್ಲಿಗೇ ಬರುತ್ತಿತ್ತು. ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು. ಕೈ ತಣ್ಣಗಿತ್ತು, ಹಿಡಿತ ಇಕ್ಕಳದ್ದು.

"ಅವನಿಗೆ ಮರೆತಿದೆ ಅಂತ ನಮ್ಮಮ್ಮನಿಗೆ ಆಗಲೇ ಗೊತ್ತಾಗಿತ್ತಂತೆ. ಎಲ್ಲರಿಗೂ ಗೊತ್ತಾಗಿತ್ತು. ಮರೆತೆ ಅಂದಿದ್ರೆ ನಕ್ಕು ಎದ್ದು ಹೋಗ್ತಿದ್ವಿ. ಅದೊಂದು ಬಾಯಿಗೆ ಬರಲಿಲ್ಲ ಅವನಿಗೆ. ನಾಳೆ ಬೆಳಿಗ್ಗೆ ಹೇಳು. ನಿನ್ನ ಎಬ್ಬಿಸೋದು ನನಗೆ ಬಿಡು. ತೊಂಬತ್ತು ವರ್ಷದಿಂದ ಆ ಮಾತು ಬಾಯಲ್ಲೇ ಇಟ್ಕೊಂಡಿದೀನಿ."

ಆ ರಾತ್ರಿ ಅಂಚೆಯಮ್ಮನ ಮನೆಯಲ್ಲಿ ಮಲಗಿದೆ. ಬೆಳಿಗ್ಗೆ ಎಂಟು ಗಂಟೆಗೆ ಕೂಟದ ಮನೆಯ ಎಂಟೂ ಸಾಲು ತುಂಬಿತ್ತು. ಪ್ರತಿಯೊಬ್ಬರೂ ಒಂದೊಂದು ಗುಳಿಯಲ್ಲಿ. ಅವರವರ ಅಜ್ಜ ಅಜ್ಜಿಯರು ಸವೆಸಿದ ಗುಳಿಗಳಿರಬೇಕು. ಎಲ್ಲರ ಕಣ್ಣೂ ನನ್ನ ಮೇಲಲ್ಲ, ನನ್ನ ಹಿಂದಿನ ಬಾಗಿಲ ಮೇಲಿತ್ತು. ತೊಂಬತ್ತೊಂದು ವರ್ಷ ನೋಡಿದ್ದನ್ನೇ ನೋಡುವ ಕಣ್ಣುಗಳು.

ಕುರ್ಚಿಯಲ್ಲಿ ಕೂತೆ. ಬೆತ್ತ ಒಮ್ಮೆ ಕಿರ್ ಎಂದಿತು. ಕೂತವಳಿಗೆ ಎದ್ದುಬಿಡೋಣ ಎನಿಸಿತು, ನಿಜ ಹೇಳಬೇಕಲ್ಲ. ಅಪ್ಪ ಎಲ್ಲಿ ಹೆದರಿ ನಿಂತಿದ್ದ ಎಂಬುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಅವನ ಕೈಯಲ್ಲಿದ್ದ ಚಪ್ಪಲಿಯನ್ನು ನೆನೆದುಕೊಂಡೆ.

"ಮಾತು ಮರೆತುಹೋಯ್ತು" ಎಂದೆ. "ಆಗಲೇ ಹೇಳ್ಬೇಕಿತ್ತು. ತಪ್ಪಾಯ್ತು. ಏಳಿ."

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಎಂಟು ಸಾಲು ಬೆಂಚುಗಳು ಒಟ್ಟಿಗೆ ನಿಟ್ಟುಸಿರು ಬಿಟ್ಟ ಹಾಗಾಯಿತು. ಜನ ಎದ್ದರು. ಯಾರೂ ಯಾರ ಭುಜವನ್ನೂ ಹಿಡಿದಿರಲಿಲ್ಲ. ಕೆಲವರು ಅಳುತ್ತಿದ್ದರು, ಒಬ್ಬ ತನ್ನ ಮೊಣಕಾಲುಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ನನ್ನ ಎರಡೂ ಪಕ್ಕದಿಂದ ಹರಿದು ಹೊರಗೆ ಬಿಸಿಲಿಗೆ ಹೋದರು. ಒಳಗೆ ಉಳಿದವರು ಮೂವರು: ನಾನು, ಅಂಚೆಯಮ್ಮ, ಮೊದಲ ಸಾಲಿನಲ್ಲಿ ಮಡಿಲಜ್ಜಿ.

"ಅಜ್ಜೀ, ಹೇಳಿ ಈಗ" ಎಂದಳು ಅಂಚೆಯಮ್ಮ.

ಮಡಿಲಜ್ಜಿಯ ಬಾಯಿ ಸ್ವಲ್ಪ ತೆರೆದಿತ್ತು. ಮಾತು ತುಟಿಯವರೆಗೆ ಬಂದು ನಿಂತ ಹಾಗಿತ್ತು. ಕಣ್ಣು ಬಾಗಿಲ ಮೇಲೇ ಇತ್ತು. ಅಂಚೆಯಮ್ಮ ಭುಜ ಮುಟ್ಟಿದಳು. ತಲೆ ಮೆಲ್ಲನೆ ಪಕ್ಕಕ್ಕೆ ವಾಲಿತು. ಬೆಂಚಿನ ಮೇಲೆ ಮಲಗಿಸಿದಾಗ ಅವಳ ಮೊಣಕಾಲುಗಳು ತಾವಾಗಿಯೇ ನೆಟ್ಟಗಾದವು, ಒದ್ದಾಟವಿಲ್ಲದೆ. ಅವಳು ಎದ್ದಿದ್ದಳು.

ನಾನು ಅವಳ ಹತ್ತಿರ ಹೋಗಬೇಕೆಂದು ಕಾಲೂರಿದೆ. ಕಾಲು ಊರಿತು. ಮೈ ಏಳಲಿಲ್ಲ.

ಗಾಬರಿಯಿಂದ ಹೀಗಾಗಿದೆ ಎಂದುಕೊಂಡು ಇನ್ನೊಮ್ಮೆ ನೋಡಿದೆ. ಕುರ್ಚಿಯ ತೋಳು ಹಿಡಿದು ಒತ್ತಿದೆ. ಕಾಲಿನಲ್ಲಿ ಬಲವಿತ್ತು, ಬೆನ್ನು ಸರಿಯಿತ್ತು. ಏಳುವುದು ಹೇಗೆ ಎನ್ನುವುದಷ್ಟೇ ಮೈಗೆ ಮರೆತುಹೋಗಿತ್ತು. ಕುರ್ಚಿಗಳ ನಡುವೆ ಇಪ್ಪತ್ತೈದು ವರ್ಷ ಬದುಕಿದವಳು ನಾನು. ಮೊದಲ ಬಾರಿಗೆ ಒಂದು ಕುರ್ಚಿಯ ಭಯವಾಯಿತು.

ಅಂಚೆಯಮ್ಮ ಓಡಿ ಹೋಗಿ ಗಿರಣಿಯವನನ್ನು ಕರೆತಂದಳು. ಮಡಿಲಜ್ಜಿ ಬಿಟ್ಟರೆ ಊರಿಗೆ ಅವನೇ ಹಿರಿಯ, ಎಂಬತ್ತೆರಡು ವರ್ಷ. ನನ್ನೆದುರು ನಿಂತು ಗೌರವದಿಂದ "ನೀವೂ ಏಳಿ" ಎಂದ. ಏನೂ ಆಗಲಿಲ್ಲ. ಇನ್ನೊಮ್ಮೆ ಎಂದ. ಆಮೇಲೆ ಅವನ ತಂಗಿ ಎಂದಳು, ಅಂಚೆಯಮ್ಮ ಎಂದಳು. ಭುಜ ಹಿಡಿದೂ ನೋಡಿದರು. ಹೀಗೆ ಒಬ್ಬರಾದ ಮೇಲೊಬ್ಬರು ಬಂದು ಏಳಿ ಏಳಿ ಎನ್ನುವಾಗ ನನಗೆ ನಗುವೂ ಅಳುವೂ ಒಟ್ಟಿಗೆ ಬಂತು.

ಗಿರಣಿಯವನು ಬೆಂಚಿನ ಗುಳಿ ನೋಡುತ್ತ ಹೇಳಿದ: "ನಾವು ಸರದಿ ಮೇಲೆ ಕೂತೋರು. ನಾಲ್ಕು ಗಂಟೆ ಕೂತು ಮನೆಗೆ ಹೋಗಿ ಉಂಡು ಮಲಗಿದೋರು. ಅಜ್ಜಿ ಒಬ್ಬಳೇ ಏಳದೆ ಕೂತಿದ್ದು. ಕೂತಿದ್ದವರಲ್ಲಿ ಹಿರಿಯರು ಅಂದ್ರೆ, ಹಾಗೆ ಕೂತವರೇ ಆಗ್ಬೇಕೇನೋ."

ಹಾಗೆ ಏಳದೆ ಕೂತವರು ಇನ್ನು ಯಾರಿದ್ದಾರೆ ಎಂದು ಅವರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಗೊತ್ತಿತ್ತು. ಫೋನ್ ತೆಗೆದೆ. ನಾನು ಒತ್ತುವ ಮೊದಲೇ ಅದು ಹೊಡೆದುಕೊಂಡಿತು. ತಂಗಿ.

"ಅಕ್ಕಾ! ಎದ್ದ ಕಣೇ! ಎಂಟೂ ಕಾಲಿಗೆ ತಾನಾಗೇ ಎದ್ದು ನಿಂತ. ಮನೆ ಪೂರ್ತಿ ಓಡಾಡಿದ. ನೀನು ಏನು ಮಾಡ್ದೆ?"

ಕಣ್ಣಲ್ಲಿ ನೀರು ತುಂಬಿ ಕೋಣೆ ಮಂಜಾಯಿತು. ಬೇಕಾಗಿದ್ದದ್ದು ಅದೊಂದೇ ಎಂದಿದ್ದೆನಲ್ಲ, ಸಿಕ್ಕಿತು. "ಅಪ್ಪನಿಗೆ ಕೊಡು" ಎಂದೆ.

ಉಸಿರಿನ ಸದ್ದು ಕೇಳಿಸಿತು. "ಕೂತ್ಯಾ?" ಎಂದ ಅಪ್ಪ.

"ಹೂಂ."

"ಎಬ್ಬಿಸ್ಲಿಲ್ವಾ?"

"ಎಬ್ಬಿಸ್ಬೇಕಾದೋರು ಸತ್ತುಹೋದ್ರು. ಈಗ ಹಿರಿಯ ನೀನೇ ಅಂತೆ. ಹೇಳಿ ನೋಡು."

ಅಪ್ಪ ಹೇಳಿದ. ಒಂದು ಬಾರಿಯಲ್ಲ, ನಾಲ್ಕು ಬಾರಿ ಹೇಳಿದ. ಫೋನಿನಲ್ಲಿ ಬರುವ ಮಾತಿಗೆ ನನ್ನ ಮೊಣಕಾಲು ಕಿವಿಗೊಡಲಿಲ್ಲ. ಕುರ್ಚಿಯ ಎದುರಿಗೆ ಬಂದೇ ಹೇಳಬೇಕಿತ್ತು.

ಅವನು ಈಗ ಏನು ನೋಡುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಈ ಹೊಸ್ತಿಲನ್ನೇ ನೋಡುತ್ತಿದ್ದ. ಬಾ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಆಮೇಲೆ ಫೋನ್ ಕಟ್ಟಾಯಿತು.

ಮಧ್ಯಾಹ್ನದ ಬಸ್ಸು ಅಲ್ಲಿ ಒಂದು ಗಂಟೆಗೆ ಹೊರಟರೆ ಇಲ್ಲಿಗೆ ಐದಕ್ಕೆ ಬರುತ್ತದೆ. ಅದೇ ಆ ದಿನದ ಕೊನೆಯ ಬಸ್ಸು. ತಂಗಿ ಫೋನ್ ಎತ್ತಲಿಲ್ಲ. ಮಡಿಲಜ್ಜಿಯನ್ನು ಅವಳ ಮನೆಗೆ ಹೊತ್ತು ಒಯ್ದರು. ಕಿಟಕಿಯಿಂದ ಊರು ಕಾಣುತ್ತಿತ್ತು. ಜನ ಕೂರುತ್ತಿದ್ದರು, ಕಲ್ಲಿನ ಮೇಲೆ, ಕಟ್ಟೆಯ ಮೇಲೆ, ಮಗುಚಿದ ಬಕೆಟ್ಟಿನ ಮೇಲೆ. ಕೂತು, ಅನುಮಾನದಿಂದ ಎದ್ದು, ಎದ್ದೆವಲ್ಲ ಎಂದು ನಕ್ಕು ಮತ್ತೆ ಕೂರುತ್ತಿದ್ದರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನನ್ನೆದುರಿನ ಬೆಂಚುಗಳು ಖಾಲಿ ಇದ್ದವು. ಖಾಲಿ ಇದ್ದರೂ ಗುಳಿಗಳಿದ್ದವು. ಹೊತ್ತು ಕಳೆದಂತೆ ಬಿಸಿಲು ಓರೆಯಾಗಿ ಪ್ರತಿ ಗುಳಿಯಲ್ಲೂ ಒಂದಿಷ್ಟು ನೆರಳು ತುಂಬಿತು. ಆಗ ಅವು ಖಾಲಿಯಿಲ್ಲ ಎನಿಸತೊಡಗಿತು. ಯಾರೋ ಅಲ್ಲಿ ಕೂತು ನನ್ನ ಹಿಂದಿನ ಬಾಗಿಲನ್ನು ನೋಡುತ್ತಿದ್ದ ಹಾಗೆ. ಅವರ ಜೊತೆ ನಾನೂ ಕಾದೆ. ಕಾಯುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು.

ಐದು ಗಂಟೆಗೆ ಬಸ್ಸಿನ ಸದ್ದು ಕೇಳಿತು. ಆಮೇಲೆ ಅಂಗಳದ ಜಲ್ಲಿಯ ಮೇಲೆ ಹೆಜ್ಜೆಗಳು. ತಿರುಗಿ ನೋಡಲು ಆಗಲಿಲ್ಲ, ಕುರ್ಚಿ ಬಾಗಿಲಿಗೆ ಬೆನ್ನು ಹಾಕಿತ್ತಲ್ಲ. ಒಂದು ಹೆಜ್ಜೆ ಚಪ್ಪಲಿಯದು, ಇನ್ನೊಂದು ಬರಿಗಾಲಿನದು. ಚಪ್, ಸದ್ದಿಲ್ಲ. ಚಪ್, ಸದ್ದಿಲ್ಲ. ಮೆಟ್ಟಿಲು ಹತ್ತಿತು. ಹೊಸ್ತಿಲ ಆಚೆ ನಿಂತಿತು.

ಮುಂದೆ ಬರಲಿಲ್ಲ.

ಎಷ್ಟು ಹೊತ್ತೋ ಗೊತ್ತಿಲ್ಲ. ಅವನ ಉಸಿರು ಕೇಳುತ್ತಿತ್ತು, ದೂರದಲ್ಲಿ ಎಲ್ಲೋ ತಂಗಿ ಏದುಸಿರು ಬಿಡುತ್ತ ಓಡಿಬರುವುದೂ ಕೇಳುತ್ತಿತ್ತು. ನಾನು ಕರೆಯಲಿಲ್ಲ. ಕರೆದು, ಅವನು ಬಾರದೆ ಹೋದರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಆಚೆ ಬಸ್ಸು ಹಾರ್ನ್ ಮಾಡಿತು, ವಾಪಸು ಹೋಗುವವರಿಗೆ. ಚಪ್ಪಲಿ ಒಂದು ಸಲ ಜಲ್ಲಿಯ ಕಡೆಗೆ ಸರಿದ ಸದ್ದಾಯಿತು. ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದಾಗ ಅಪ್ಪ ನನ್ನೆದುರಿಗೆ ನಿಂತಿದ್ದ. ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ಬಲಗಾಲಿನ ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು.

"ಏಳ್ತೀಯೋ, ನೀರು ಎರಚ್ಲೋ?" ಎಂದ.

ಎದ್ದೆ. ಹೇಗೆ ಎದ್ದೆ ಎಂದು ಕೇಳಬೇಡಿ, ಶಾಲೆಗೆ ಹೊತ್ತಾಯಿತು ಎನ್ನುವ ಹಾಗೆ ಎದ್ದೆ. ಅವನ ಹೆಗಲ ಮೇಲೆ ಬಿದ್ದು ಅತ್ತೆ. ಅವನೂ ಅತ್ತ. "ನಮ್ಮಪ್ಪನಿಗೆ ಇಷ್ಟು ಮಾಡ್ಲಿಲ್ಲ ನಾನು" ಎಂದ. ಮತ್ತೆ ಅದನ್ನೇ ಎಂದ.

ತಂಗಿ ಬಾಗಿಲಲ್ಲಿ ನಿಂತು, "ನಾಲ್ಕು ಗಂಟೆ ನಿಂತ್ಕೊಂಡೇ ಬಂದ ಕಣೇ, ಸೀಟು ಖಾಲಿ ಇದ್ರೂ" ಎಂದು ಬೈಯುತ್ತಿದ್ದಳು. ಮೂವರೂ ಹೊರಗೆ ಬಂದೆವು. ಅಂಚೆಯಮ್ಮ ಬಾಗಿಲು ಎಳೆದು, ಯಾರೂ ಕೂತಿಲ್ಲದ ಆ ಕೋಣೆಗೆ ಮೊದಲ ಬಾರಿ ಬೀಗ ಹಾಕಿದಳು. ಒಳಗಿನಿಂದ ಬೆತ್ತ ಒಮ್ಮೆ ಕಿರ್ ಎಂದಿತು. ನಾನು ಎದ್ದದ್ದಕ್ಕೆ ಎಳೆಗಳು ಹಿಂದಕ್ಕೆ ಸರಿದಿರಬೇಕು, ಬಹುಕಾಲದ ಮೇಲೆ ಭಾರ ಹೊತ್ತ ಬೆತ್ತ ಹಾಗೆ ಸದ್ದು ಮಾಡುತ್ತದೆ. ಆದರೆ ತಕ್ಷಣ ಮಾಡುತ್ತದೆ, ಅಷ್ಟು ಹೊತ್ತಿನ ಮೇಲೆ ಅಲ್ಲ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಅಪ್ಪ ಕೈಯಲ್ಲಿದ್ದ ಚಪ್ಪಲಿಯನ್ನು ಆಗಷ್ಟೇ ಕಂಡವನ ಹಾಗೆ ನೋಡಿದ. 'ಇದೊಂದು ಹಾಕ್ಕೊಂಡ್ಬಿಡ್ತೀನಿ' ಎಂದು ಮೆಟ್ಟಿಲ ಮೇಲೆ ಕೂರಲು ಬಗ್ಗಿದ. ನಾನು ಅವನ ರಟ್ಟೆ ಹಿಡಿದು ನಿಲ್ಲಿಸಿದೆ. ಅವನ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟುಕೊಂಡು, ಬಗ್ಗಿ, ಚಪ್ಪಲಿಯನ್ನು ನಾನೇ ಹಾಕಿದೆ.